ಜೇನುಪೆಟ್ಟಿಗೆ ಉರುಳಿಸಿದ್ದು ತರಕರಡಿನಾ? ಜಗಳೂರು, ಚಿತ್ರದುರ್ಗ ಕಡೆಯವರು ಸ್ವಲ್ಪ ಹೇಳಿ

ಜೇನುತೋಟ_ಜಗಳೂರು

ಎಲ್ಲರಿಗೂ ನಮಸ್ಕಾರ. ನಮ್ಮದು ಜಗಳೂರು ತಾಲ್ಲೂಕಿನಲ್ಲಿ ದಾಳಿಂಬೆ ತೋಟ. ಕಾಯಿ ಚೆನ್ನಾಗಿ ಕಚ್ಚಲಿ ಅಂತ ತುಡುವೆ ಜೇನಿನ ಪೆಟ್ಟಿಗೆ ಇಟ್ಟಿದ್ದೇವೆ. ಗುಡ್ಡದ ಕಡೆ ಬೇಲಿ ಹತ್ತಿರ ಇದ್ದ ಪೆಟ್ಟಿಗೆಗಳನ್ನು ರಾತ್ರಿ ಯಾವುದೋ ಪ್ರಾಣಿ ಬಂದು ಉರುಳಿಸಿದೆ. ಮುಚ್ಚಳ ಒಂದು ಕಡೆ, ಚೌಕಟ್ಟು ಇನ್ನೊಂದು ಕಡೆ. ಎರಿಯಲ್ಲಿದ್ದ ಮರಿಹುಳುಗಳನ್ನು ಪೂರ್ತಿ ತಿಂದಿದೆ, ತುಪ್ಪ ಮಾತ್ರ ಅರ್ಧಂಬರ್ಧ ಹಾಗೇ ಬಿಟ್ಟಿದೆ. ಪೆಟ್ಟಿಗೆಯ ಮರದ ಮೇಲೆ ಉದ್ದುದ್ದ ಉಗುರಿನ ಗೀರು ಇದೆ. ಪಕ್ಕದ ಬದುವಿನಲ್ಲಿ ಹೊಸದಾಗಿ ಮಣ್ಣು ತೋಡಿ ಬಿಲ ಮಾಡಿದೆ.

ನಮ್ಮ ಅಪ್ಪ ನೋಡಿದ ತಕ್ಷಣ ತರಕರಡಿ (ಇಂಗ್ಲಿಷಿನಲ್ಲಿ ಹನಿ ಬ್ಯಾಜರ್) ಅಂದರು. ಅಕ್ಕಪಕ್ಕದ ಹೊಲದವರು ಅದು ಸ್ಮಶಾನದಲ್ಲಿ ಹೆಣ ತೋಡುವ ಪ್ರಾಣಿ, ಮನುಷ್ಯರ ಮೇಲೂ ಬೀಳುತ್ತದೆ, ಬಿಲಕ್ಕೆ ಹೊಗೆ ಹಾಕಿ ಹೊಡೆಯೋಣ ಅನ್ನುತ್ತಿದ್ದಾರೆ. ಕೆಲಸಕ್ಕೆ ಬರುವ ಹೆಣ್ಣುಮಕ್ಕಳು ಸಂಜೆ ಆದರೆ ಆ ಕಡೆ ಹೋಗುತ್ತಿಲ್ಲ. ಹೊಡೆಯಲು ನನಗೆ ಮನಸ್ಸಿಲ್ಲ. ಈ ಪ್ರಾಣಿ ಬಗ್ಗೆ ಗೊತ್ತಿರುವವರು ದಯವಿಟ್ಟು ಬೇಗ ಹೇಳಿ.

ಹೊಸದುರ್ಗದ_ಹುಡುಗ

ಅಕ್ಕಾ, ಕರಡಿ ಇರಬೇಕು ಅಲ್ವಾ? ನಮ್ಮ ಕಡೆ ಕರಡಿ ಕಾಟವೇ ಜಾಸ್ತಿ.

ಕೋಟೆನಾಡು_ನಡಿಗೆ

ಕರಡಿಯೂ ಜೇನಿಗೆ ಬರುತ್ತದೆ, ನಿಜ. ಆದರೆ ಎರಡರ ಹೆಜ್ಜೆ ಬೇರೆ. ಅಕ್ಕಾ, ತೋಡಿದ ಮಣ್ಣಿನ ಸುತ್ತ ಮೆತ್ತಗಿರುವ ಜಾಗ ನೋಡಿ. ಬೆರಳು ಎಣಿಸಿ. ನಾಯಿ, ನರಿ, ಕತ್ತೆಕಿರುಬಕ್ಕೆ ನಾಲ್ಕು ಬೆರಳಿನ ಗುರುತು ಬೀಳುತ್ತದೆ. ಕರಡಿಗೆ ಐದು, ಆದರೆ ಹಿಂಗಾಲಿನ ಹೆಜ್ಜೆ ಮನುಷ್ಯರ ಪಾದದಷ್ಟು ಉದ್ದ ಇರುತ್ತದೆ, ಕಂಡರೆ ಗೊತ್ತಾಗಿಬಿಡುತ್ತದೆ. ತರಕರಡಿಗೂ ಐದೇ ಬೆರಳು, ಹೆಜ್ಜೆ ಮಾತ್ರ ಚಿಕ್ಕದು. ಮುಂಗಾಲಿನ ಉಗುರಿನ ತುದಿ ಬೆರಳಿನ ಗುರುತಿನಿಂದ ಸಾಕಷ್ಟು ಮುಂದೆ, ಸಣ್ಣ ಚುಕ್ಕಿಗಳ ಥರ ಬಿದ್ದಿರುತ್ತದೆ. ಅದರ ಮುಂಗಾಲಿನ ಉಗುರು ಹತ್ತಿರಹತ್ತಿರ 4 ಸೆಂಟಿಮೀಟರ್ ಉದ್ದ. ಬೆರಳಿಗೂ ಚುಕ್ಕಿಗೂ ನಡುವೆ ಆ ಅಂತರ ಇದ್ದರೆ ಅನುಮಾನ ಬೇಡ.

ಮುಳ್ಳುಹಂದಿಯೂ ತೋಡುತ್ತದೆ, ಆದರೆ ಅದು ಗಡ್ಡೆ ಬೇರಿಗೆ ಬರುವುದು. ಮರಿಹುಳು ತಿನ್ನುವುದಿಲ್ಲ. ಚಿಪ್ಪುಹಂದಿ ಇರುವೆ, ಗೆದ್ದಲಿಗೆ ಬರುತ್ತದೆ. ಪೆಟ್ಟಿಗೆ ಉರುಳಿಸಿ ಮರಿಹುಳು ಆರಿಸಿ ತಿಂದಿದೆ ಅಂದರೆ ನಿಮ್ಮ ಅಪ್ಪ ಹೇಳಿದ್ದೇ ಸರಿ ಅನಿಸುತ್ತದೆ.

ಜೇನುತೋಟ_ಜಗಳೂರು

ಹೋಗಿ ನೋಡಿ ಬಂದೆ. ಡ್ರಿಪ್ ಪೈಪಿನ ಹತ್ತಿರ ಒದ್ದೆ ಮಣ್ಣಿನಲ್ಲಿ ಚೆನ್ನಾಗಿ ಮೂಡಿದೆ. ಐದು ಬೆರಳು. ಮುಂದೆ ಉಗುರಿನ ಚುಕ್ಕಿ ಬೇರೆಯಾಗಿಯೇ ಕಾಣುತ್ತದೆ, ನನ್ನ ಒಂದು ಬೆರಳು ನಡುವೆ ಅಡ್ಡ ಇಡಬಹುದು. ಹೆಜ್ಜೆ ನನ್ನ ಅಂಗೈಗಿಂತ ಚಿಕ್ಕದು.

ಕೋಟೆನಾಡು_ನಡಿಗೆ

ಹಾಗಾದರೆ ತರಕರಡಿಯೇ. ದಯವಿಟ್ಟು ಬಿಲಕ್ಕೆ ಹೊಗೆ ಹಾಕಲು ಬಿಡಬೇಡಿ. 1972ರ ವನ್ಯಜೀವಿ ಕಾಯ್ದೆಯ ಒಂದನೇ ಪಟ್ಟಿಯಲ್ಲಿದೆ ಇದು, ಹುಲಿ, ಆನೆಗೆ ಇರುವ ರಕ್ಷಣೆಯೇ ಇದಕ್ಕೂ ಇದೆ. ಹೊಡೆದರೆ ಜೈಲು. ಕಾನೂನನ್ನು ಪಕ್ಕಕ್ಕಿಟ್ಟರೂ ಇಂಥ ಪ್ರಾಣಿ ನಿಮ್ಮ ಬದುವಿಗೆ ಬಂದಿರುವುದು ದೊಡ್ಡ ವಿಷಯ. ಎಷ್ಟೋ ವರ್ಷ ಕಾಡಿನಲ್ಲಿ ಓಡಾಡಿದವರಿಗೂ ಇದು ಕಣ್ಣಿಗೆ ಬೀಳುವುದಿಲ್ಲ. ನಮ್ಮ ರಾಜ್ಯದಲ್ಲಿ ಇದರ ಫೋಟೋ ದಾಖಲೆ ಬಗ್ಗೆ ಸಂಜಯ್ ಗುಬ್ಬಿ ಮತ್ತು ಅವರ ತಂಡ ಪ್ರಕಟಿಸಿದ್ದೇ 2014ರಲ್ಲಿ, ಅದೂ ಕಾವೇರಿ ವನ್ಯಧಾಮದಲ್ಲಿ ಇಟ್ಟಿದ್ದ ಕ್ಯಾಮೆರಾಕ್ಕೆ ಸಿಕ್ಕಿದ ಮೇಲೆ. ಅಷ್ಟು ಗುಟ್ಟಾಗಿ ಬದುಕುವ ಜೀವಿ.

ಕಾವಲು_ಚಳ್ಳಕೆರೆ

ನಮ್ಮದು ಕುರಿ ಕಾಯುವ ಮನೆತನ. ನಮ್ಮ ದೊಡ್ಡಪ್ಪ ಕಾವಲಿನಲ್ಲಿ, ಅಂದರೆ ಹುಲ್ಲುಗಾವಲಿನಲ್ಲಿ, ಹಟ್ಟಿ ಹಾಕಿದಾಗ ಇದನ್ನು ಕಂಡಿದ್ದಾರೆ. ಬೆಳದಿಂಗಳು ಇತ್ತಂತೆ. ಹೊಟ್ಟೆ, ಕಾಲು, ಮುಖವೆಲ್ಲ ಕಪ್ಪು, ನೆತ್ತಿಯಿಂದ ಬಾಲದವರೆಗೆ ಮಾತ್ರ ಬೂದು ಬಿಳಿ, ಕಂಬಳಿ ಕೊಪ್ಪೆ ಹಾಕಿಕೊಂಡಂಗೆ ಅಂತ ಹೇಳುತ್ತಾರೆ. ನಾಯಿಗಳು ಸುತ್ತುಗಟ್ಟಿದವು. ಅದು ಓಡಲಿಲ್ಲ. ತಿರುಗಿ ನಿಂತು ಗುರ್ ಅಂತ ಗದರಿಸಿತು. ನಮ್ಮ ದೊಡ್ಡ ನಾಯಿ ಕತ್ತು ಹಿಡಿಯಿತು. ಕತ್ತು ಹಿಡಿದರೂ ಅದು ಚರ್ಮದೊಳಗೇ ತಿರುಗಿ ನಾಯಿಯ ಮೂತಿ ಕಚ್ಚಿತು. ಆಮೇಲೆ ಎಂಥದೋ ಕೆಟ್ಟ ನಾತ ಬಿಟ್ಟಿತು, ನಾಯಿಗಳೆಲ್ಲ ದೂರ ಸರಿದವು. ಅದು ಗಡಿಬಿಡಿ ಮಾಡದೆ ತನ್ನ ಪಾಡಿಗೆ ಕುಲುಕುಲು ಅಂತ ಹೋಯಿತು.

ಒಂದು ಕುರಿಮರಿಯನ್ನೂ ಮುಟ್ಟಲಿಲ್ಲ. ಇದನ್ನು ದೊಡ್ಡಪ್ಪ ಈಗಲೂ ಒತ್ತಿ ಹೇಳುತ್ತಾರೆ.

ಬಯಾಲಜಿ_ಮೇಡಂ_ದಾವಣಗೆರೆ

ಚಳ್ಳಕೆರೆಯವರು ಹೇಳಿದ್ದು ಪೂರ್ತಿ ನಿಜ. ಚರ್ಮದ ವಿಷಯ ಸ್ವಲ್ಪ ಹೇಳುತ್ತೇನೆ. ಇದರ ಚರ್ಮ ಕತ್ತಿನ ಸುತ್ತ ಸುಮಾರು 6 ಮಿಲಿಮೀಟರ್ ದಪ್ಪ ಇರುತ್ತದೆ, ಮತ್ತು ಮೈಗೆ ಅಂಟಿಕೊಂಡಿರುವುದಿಲ್ಲ. ಅದಕ್ಕೇ ಹಿಡಿದವರ ಕೈಯಲ್ಲಿ ಚರ್ಮ ಉಳಿಯುತ್ತದೆ, ಪ್ರಾಣಿ ಒಳಗೇ ತಿರುಗುತ್ತದೆ. ನಾತ ಬರುವುದು ಬಾಲದ ಬುಡದಲ್ಲಿರುವ ಗ್ರಂಥಿಯಿಂದ. ಈ ಗ್ರಂಥಿ ಈ ಕುಟುಂಬದ ಬಹುತೇಕ ಪ್ರಾಣಿಗಳಿಗೆ ಇರುತ್ತದೆ. ಹೆಸರಿನಲ್ಲಿ ಕರಡಿ ಇದ್ದರೂ ಕರಡಿಗೂ ಇದಕ್ಕೂ ಸಂಬಂಧ ದೂರದ್ದು. ಇದರ ಹತ್ತಿರದ ಬಳಗ ಅಂದರೆ ನಮ್ಮ ತುಂಗಭದ್ರಾ ಹೊಳೆಯ ನೀರುನಾಯಿ, ಕೊಡಗಿನ ಕಾಡಿನ ಮರಗಳಲ್ಲಿ ಓಡಾಡುವ ನೀಲಗಿರಿ ಮಾರ್ಟೆನ್, ಇವೆಲ್ಲ ವೀಸಲ್ ಕುಟುಂಬ. ಅದರಲ್ಲೂ ಮೆಲ್ಲಿವೋರಾ ಅನ್ನುವ ಗುಂಪಿನಲ್ಲಿ ಈಗ ಬದುಕಿರುವುದು ಇದೊಂದೇ ಜಾತಿ. ಆಫ್ರಿಕಾದಿಂದ ಅರೇಬಿಯಾ ದಾಟಿ ಭಾರತದವರೆಗೂ ಇದೆ.

ಹಾವಿನ ವಿಷ ತಡೆಯುವ ಶಕ್ತಿ ಬಗ್ಗೆ ನಮ್ಮ ಹುಡುಗರು ಕ್ಲಾಸಿನಲ್ಲಿ ತುಂಬಾ ಕೇಳುತ್ತಾರೆ. ನಾಗರಹಾವಿನ ವಿಷ ನಮ್ಮ ಸ್ನಾಯುಗಳ ಮೇಲಿರುವ ಒಂದು ಪ್ರೋಟೀನಿಗೆ ಹೋಗಿ ಕಚ್ಚಿಕೊಳ್ಳುತ್ತದೆ. ನರದಿಂದ ಬರುವ ಸಂದೇಶ ಸ್ನಾಯುವಿಗೆ ಮುಟ್ಟುವುದು ಆ ಪ್ರೋಟೀನಿನ ಮೂಲಕ. ವಿಷ ಅಲ್ಲಿ ಕೂತರೆ ಸಂದೇಶ ನಿಲ್ಲುತ್ತದೆ, ಉಸಿರಾಟ ನಿಲ್ಲುತ್ತದೆ. ತರಕರಡಿಯಲ್ಲಿ ಆ ಪ್ರೋಟೀನಿನ ಆಕಾರ ಸ್ವಲ್ಪ ಬದಲಾಗಿದೆ, ವಿಷಕ್ಕೆ ಅಲ್ಲಿ ಸರಿಯಾಗಿ ಹಿಡಿತ ಸಿಗುವುದಿಲ್ಲ. 2015ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ತೋರಿಸಿದರು. ಹಂದಿ, ಮುಂಗುಸಿ, ಹೆಡ್ಜ್‌ಹಾಗ್, ತರಕರಡಿ ಒಂದಕ್ಕೊಂದು ಹತ್ತಿರದ ನೆಂಟಸ್ತನ ಇಲ್ಲದಿದ್ದರೂ ಪ್ರತಿಯೊಂದೂ ಬೇರೆಬೇರೆಯಾಗಿ ಇದೇ ಥರದ ಬದಲಾವಣೆ ಪಡೆದಿವೆ. ನನಗೆ ಇದನ್ನು ಪಾಠ ಮಾಡುವಾಗೆಲ್ಲ ಮೈ ಜುಮ್ ಅನ್ನುತ್ತದೆ.

ಹಾಗಂತ ಇದಕ್ಕೆ ಸಾವೇ ಇಲ್ಲ ಅಂತಲ್ಲ. ಜೇನುಗೂಡಿನೊಳಗೆ ಸಿಕ್ಕಿಕೊಂಡು ಹುಳುಗಳ ಕಡಿತಕ್ಕೇ ಸತ್ತ ತರಕರಡಿಗಳೂ ಇವೆ.

ಹೊಸದುರ್ಗದ_ಹುಡುಗ

ಮೇಡಂ, ಯಾವುದೋ ಹಕ್ಕಿ ಜೇನು ಎಲ್ಲಿದೆ ಅಂತ ಇದಕ್ಕೆ ದಾರಿ ತೋರಿಸುತ್ತದೆ ಅಂತ ವಿಡಿಯೋದಲ್ಲಿ ನೋಡಿದ್ದೆ. ನಮ್ಮ ಕಡೆಯೂ ಆ ಹಕ್ಕಿ ಇದೆಯಾ?

ಬಯಾಲಜಿ_ಮೇಡಂ_ದಾವಣಗೆರೆ

ಇಲ್ಲಪ್ಪ. ಅದು ಆಫ್ರಿಕಾದ ಹಕ್ಕಿ. ಅಲ್ಲಿ ಮನುಷ್ಯರಿಗೆ ಜೇನು ತೋರಿಸುವುದು ಖಚಿತ. ತರಕರಡಿಗೆ ತೋರಿಸುತ್ತದಾ ಅನ್ನುವುದರ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಜಗಳ ಇದೆ. ಆಫ್ರಿಕಾದ ಕಲಹರಿ ಮರುಭೂಮಿಯಲ್ಲಿ ಬೇರೆ ಒಂದು ಸಂಗತಿ ಚೆನ್ನಾಗಿ ದಾಖಲಾಗಿದೆ. ತರಕರಡಿ ನೆಲ ತೋಡುತ್ತಾ ಹೋದಾಗ ಒಂದು ಜಾತಿಯ ಗಿಡುಗ ಮತ್ತು ನರಿಗಳು ಅದರ ಹಿಂದೆಯೇ ಹೋಗುತ್ತವೆ. ಬಿಲದಿಂದ ತಪ್ಪಿಸಿಕೊಂಡು ಓಡುವ ಇಲಿಯನ್ನು ಇವು ಹಿಡಿಯುತ್ತವೆ.

ಅಡಿಕೆ_ಚನ್ನಗಿರಿ

ಎಲ್ಲ ಸರಿ. ಆದರೆ ಹೆಣ ತೋಡುವ ವಿಷಯ ಯಾರೂ ಮಾತಾಡುತ್ತಿಲ್ಲ. ನಮ್ಮ ಕಡೆ ಹೂಳುವ ಪದ್ಧತಿ ಇರುವ ಮನೆಗಳೇ ಜಾಸ್ತಿ. ತೀರಿಕೊಂಡವರನ್ನು ಮಣ್ಣು ಮಾಡಿ ಬಂದ ಮೂರನೇ ದಿನಕ್ಕೆ ಹೋದಾಗ ಮಣ್ಣು ಕೆದರಿದ್ದರೆ ಮನೆಯವರಿಗೆ ಹೇಗಾಗಬೇಡ? ಅದು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ.

ಕೋಟೆನಾಡು_ನಡಿಗೆ

ಅಣ್ಣಾ, ತಳ್ಳಿಹಾಕುವುದಿಲ್ಲ. ಆ ನೋವು ದೊಡ್ಡದು. ತರಕರಡಿ ಸತ್ತ ಪ್ರಾಣಿಯ ಮಾಂಸವನ್ನೂ ತಿನ್ನುತ್ತದೆ, ಹೊಸದಾಗಿ ಅಗೆದ ಸಡಿಲ ಮಣ್ಣು ಅದಕ್ಕೆ ಸುಲಭ. ಮೇಲುಮೇಲೆ ಹೂಳಿದ್ದರೆ ಬರಬಹುದು. ಬೀದಿನಾಯಿ, ನರಿ, ಕತ್ತೆಕಿರುಬ ಕೂಡ ಅಷ್ಟೇ. ಆದರೆ ರಾತ್ರಿ ಯಾರು ಬಂದರು ಅಂತ ನೋಡಿದವರಿಲ್ಲ, ಬೈಗುಳ ಮಾತ್ರ ಕಾಣದ ಪ್ರಾಣಿಗೆ ಸೇರುತ್ತದೆ. ಇರಾಕಿನ ಬಸ್ರಾದಲ್ಲಿ 2007ರಲ್ಲಿ ಬ್ರಿಟಿಷ್ ಸೈನಿಕರು ಮನುಷ್ಯರನ್ನು ತಿನ್ನುವ ಪ್ರಾಣಿಗಳನ್ನು ಊರಿಗೆ ಬಿಟ್ಟಿದ್ದಾರೆ ಅಂತ ದೊಡ್ಡ ಗಲಾಟೆ ಆಗಿತ್ತು. ಸಿಕ್ಕಿದ ಪ್ರಾಣಿ ನೋಡಿದರೆ ಇದೇ ತರಕರಡಿ, ಆ ದೇಶದಲ್ಲಿ ಮೊದಲಿಂದಲೂ ಇದ್ದದ್ದು.

ಹಿರಿಯರು ಮಾಡುತ್ತಿದ್ದ ಕೆಲಸವೇ ಇದಕ್ಕೆ ಮದ್ದು. ಗುಂಡಿ ಆಳವಾಗಿ ತೆಗೆಯಬೇಕು. ಮಣ್ಣು ತುಳಿದು ಗಟ್ಟಿ ಮಾಡಬೇಕು. ಮೇಲೆ ಚಪ್ಪಡಿ ಕಲ್ಲು, ಜಾಲಿ ಮುಳ್ಳು ಹೇರಬೇಕು. ಈಗ ಜೆಸಿಬಿ ತರಿಸಿ ಗಡಿಬಿಡಿಯಲ್ಲಿ ಗುಂಡಿ ತೆಗೆದು ಮುಚ್ಚಿ ಬರುತ್ತೇವೆ, ಕಲ್ಲು ಮುಳ್ಳು ಹೇರುವುದು ಎಷ್ಟೋ ಕಡೆ ಬಿಟ್ಟೇ ಹೋಗಿದೆ.

ಅಡಿಕೆ_ಚನ್ನಗಿರಿ

ಕಲ್ಲು ಮುಳ್ಳಿನ ಮಾತು ಒಪ್ಪುತ್ತೇನೆ. ನಮ್ಮಜ್ಜನ ಕಾಲದಲ್ಲಿ ಹಾಗೇ ಮಾಡುತ್ತಿದ್ದರು. ಮನುಷ್ಯರ ಮೇಲೆ ಬೀಳುವ ವಿಷಯ?

ಕೋಟೆನಾಡು_ನಡಿಗೆ

ತಾನಾಗಿ ಹುಡುಕಿಕೊಂಡು ಬರುವುದಿಲ್ಲ. ಮೂಲೆಗೆ ಒತ್ತಿದರೆ, ಬಿಲಕ್ಕೆ ಕೋಲು ಹಾಕಿದರೆ, ಮರಿ ಇದ್ದಾಗ ನಾಯಿ ಬಿಟ್ಟರೆ ಖಂಡಿತ ತಿರುಗಿ ಬೀಳುತ್ತದೆ, ಮತ್ತು ಬಿಡುವುದಿಲ್ಲ. ದವಡೆ ಬಹಳ ಗಟ್ಟಿ. ಆಮೆಯ ಚಿಪ್ಪನ್ನೇ ಒಡೆಯುವ ಪ್ರಾಣಿ ಅದು. ಹತ್ತು ಕೆಜಿ ಆಸುಪಾಸಿನ ಪ್ರಾಣಿ ಆಫ್ರಿಕಾದಲ್ಲಿ ಸಿಂಹದ ಎದುರೂ ಹಲ್ಲು ಕಿರಿದು ನಿಲ್ಲುತ್ತದೆ. ಹಾಗಾಗಿ ಹೊಗೆ ಹಾಕಿ ಹೊಡೆಯಲು ಹೋಗುವವರಿಗೇ ಅಪಾಯ ಹೆಚ್ಚು. ದಾರಿ ಬಿಟ್ಟು ನಿಂತರೆ ಅದು ತನ್ನ ದಾರಿ ಹಿಡಿಯುತ್ತದೆ.

ಜೇನುತೋಟ_ಜಗಳೂರು

ಒಂದು ಪ್ರಶ್ನೆ. ಆ ಬಿಲದಲ್ಲೇ ಅದು ಕಾಯಂ ವಾಸ ಮಾಡುತ್ತದಾ? ಮರಿ ಹಾಕಿದ್ದರೆ ಏನು ಮಾಡುವುದು?

ಬಯಾಲಜಿ_ಮೇಡಂ_ದಾವಣಗೆರೆ

ಸಾಮಾನ್ಯವಾಗಿ ಇಲ್ಲ. ಕಲಹರಿಯಲ್ಲಿ ಕೊಲೀನ್ ಬೆಗ್ ಮತ್ತು ಕೀತ್ ಬೆಗ್ ಅನ್ನುವ ದಂಪತಿ ವರ್ಷಗಟ್ಟಲೆ ಇದರ ಹಿಂದೆ ಸುತ್ತಿ ಅಧ್ಯಯನ ಮಾಡಿದ್ದಾರೆ. ಇದರ ದಿನಚರಿ ಬಗ್ಗೆ ಜಗತ್ತಿಗೆ ತಿಳಿದಿರುವುದರಲ್ಲಿ ಬಹುಪಾಲು ಅವರಿಂದಲೇ. ದೊಡ್ಡ ತರಕರಡಿ ಇವತ್ತು ಮಲಗಿದ ಬಿಲದಲ್ಲಿ ನಾಳೆ ಮಲಗುವುದು ಅಪರೂಪ. ರಾತ್ರಿಯಿಡೀ ಮೂಸುತ್ತಾ ಮೈಲಿಗಟ್ಟಲೆ ನಡೆಯುತ್ತದೆ, ಬೆಳಗಾದಾಗ ಎಲ್ಲಿದೆಯೋ ಅಲ್ಲೇ ಹೊಸ ಬಿಲ ತೋಡುತ್ತದೆ ಅಥವಾ ಬೇರೆ ಪ್ರಾಣಿಯ ಹಳೆ ಬಿಲಕ್ಕೆ ನುಗ್ಗುತ್ತದೆ. ಗಟ್ಟಿ ನೆಲದಲ್ಲೂ ಕೆಲವೇ ನಿಮಿಷದಲ್ಲಿ ಮೈ ಮರೆಯಾಗುವಷ್ಟು ತೋಡುತ್ತದೆ.

ಮರಿ ಇದ್ದರೆ ಮಾತ್ರ ಬೇರೆ. ಒಂದು ಸಲಕ್ಕೆ ಸಾಮಾನ್ಯವಾಗಿ ಒಂದೇ ಮರಿ, ಎರಡು ಇದ್ದರೆ ಹೆಚ್ಚು. ಗಂಡು ಸಾಕುವುದಕ್ಕೆ ಬರುವುದಿಲ್ಲ, ತಾಯಿ ಒಬ್ಬಳೇ. ಕೆಲವು ದಿನಕ್ಕೊಮ್ಮೆ ಮರಿಯನ್ನು ಬಾಯಲ್ಲಿ ಕಚ್ಚಿ ಬೇರೆ ಬಿಲಕ್ಕೆ ಸಾಗಿಸುತ್ತಾಳೆ. ಮರಿ ಸುಮಾರು ಒಂದು ವರ್ಷದಿಂದ ಒಂದೂಕಾಲು ವರ್ಷದವರೆಗೂ ತಾಯಿ ಜೊತೆಗೇ ಇರುತ್ತದೆ. ತೋಡುವುದು, ಹಾವು ಹಿಡಿಯುವುದು, ಚೇಳು ತಿನ್ನುವುದು ಎಲ್ಲ ಅಷ್ಟರಲ್ಲಿ ಕಲಿಯಬೇಕು. ಲೆಕ್ಕ ಹಾಕಿ, ಒಂದು ಹೆಣ್ಣು ಇಡೀ ಆಯಸ್ಸಿನಲ್ಲಿ ಎಷ್ಟು ಮರಿ ದೊಡ್ಡದು ಮಾಡಬಹುದು? ಇಲಿ, ಮೊಲದ ಥರ ಕಳೆದದ್ದನ್ನು ಬೇಗ ತುಂಬಿಕೊಳ್ಳುವ ಪ್ರಾಣಿ ಅಲ್ಲ ಇದು. ಒಂದನ್ನು ಹೊಡೆದರೆ ಆ ಗುಡ್ಡ ಬಹಳ ವರ್ಷ ಖಾಲಿ.

ಆದ್ದರಿಂದ ಬಿಲದ ಬಾಯಿಗೆ ಒಂದೆರಡು ಒಣ ಕಡ್ಡಿ ಅಡ್ಡ ಇಟ್ಟು ಬನ್ನಿ. ಹಗಲು ಹೊತ್ತಿನಲ್ಲಿ, ದೂರದಿಂದ. ನಾಲ್ಕೈದು ದಿನ ಕಡ್ಡಿ ಹಾಗೇ ಇದ್ದರೆ ಹೋಗಿದೆ ಅಂತ ಅರ್ಥ.

ಕಾವಲು_ಚಳ್ಳಕೆರೆ

ಜೇನು ತಿನ್ನುತ್ತದೆ ಅನ್ನುವುದೊಂದೇ ಎಲ್ಲರ ಬಾಯಲ್ಲಿ. ಇಲಿ, ಹೆಗ್ಗಣ ಎಷ್ಟು ತಿನ್ನುತ್ತದೆ ಅಂತಲೂ ಹೇಳಿ ಮೇಡಂ. ಶೇಂಗಾ ಹೊಲದಲ್ಲಿ ಇಲಿ ಬಿಲಗಳನ್ನು ಸಾಲಾಗಿ ತೋಡಿ ಹೋದದ್ದನ್ನು ನಾನೇ ಕಂಡಿದ್ದೇನೆ.

ಬಯಾಲಜಿ_ಮೇಡಂ_ದಾವಣಗೆರೆ

ಅದೇ ಮುಖ್ಯ ಊಟ. ಕಲಹರಿಯಲ್ಲಿ ಲೆಕ್ಕ ಹಾಕಿದಾಗ ಇಲಿ ಜಾತಿಯವು, ಹಲ್ಲಿ, ಹಾವು, ಚೇಳು ಇವೇ ಹೆಚ್ಚು ಸಿಕ್ಕವು. ಜೇನು ಅದಕ್ಕೆ ಹಬ್ಬದೂಟ, ಅದರಲ್ಲೂ ತುಪ್ಪಕ್ಕಿಂತ ಮರಿಹುಳು ಇಷ್ಟ. ಮೊದಲ ಪೋಸ್ಟಿನಲ್ಲಿ ತುಪ್ಪ ಅರ್ಧ ಉಳಿದಿದೆ ಅಂತ ಇದೆಯಲ್ಲ, ಅದು ಇದಕ್ಕೇ.

ಹರಿಹರ_ಹೊಳೆದಂಡೆ

ನೀರುನಾಯಿ ಮಾತು ಬಂತಲ್ಲ, ಒಂದು ಮಾತು ಸೇರಿಸುತ್ತೇನೆ. ನೀರುನಾಯಿಗೆ 2015ರಲ್ಲಿ ಕೆಳಗಡೆ ಮುದ್ಲಾಪುರದಿಂದ ಕಂಪ್ಲಿವರೆಗೆ ತುಂಗಭದ್ರೆಯ ಪಾತ್ರವನ್ನೇ ಸಂರಕ್ಷಿತ ಪ್ರದೇಶ ಅಂತ ಘೋಷಿಸಿದರು. ನಮ್ಮ ಮೀನುಗಾರರು ಬಲೆ ಹರಿಯುತ್ತದೆ ಅಂತ ನೀರುನಾಯಿಯನ್ನು ಬೈಯುತ್ತಲೇ ಇರುತ್ತಾರೆ. ಆದರೂ ಹೊಳೆಗೆ ಕಾವಲು ಅಂತ ಒಂದು ಹೆಸರಾದರೂ ಇದೆ. ತರಕರಡಿಗೆ ಹಾಗೆ ಏನಾದರೂ ಇದೆಯಾ?

ಕೋಟೆನಾಡು_ನಡಿಗೆ

ತರಕರಡಿಯ ಹೆಸರಿನಲ್ಲಿ ಇಲ್ಲ. ಆದರೆ ಅಕ್ಕನ ತಾಲ್ಲೂಕಿನಲ್ಲೇ ರಂಗಯ್ಯನದುರ್ಗ ಇದೆಯಲ್ಲ, 2011ರಲ್ಲಿ ಕೊಂಡುಕುರಿಗಾಗಿ (ನಾಲ್ಕು ಕೊಂಬಿನ ಹುಲ್ಲೆ) ವನ್ಯಧಾಮ ಮಾಡಿದ್ದು. ಸುಮಾರು 77 ಚದರ ಕಿಲೋಮೀಟರ್. ಇತ್ತ ಚಿತ್ರದುರ್ಗದಲ್ಲಿ ನಮ್ಮ ಜೋಗಿಮಟ್ಟಿ ವನ್ಯಧಾಮ ಇದೆ. ಈಗ ಈ ಲೆಕ್ಕ ನೋಡಿ. ಬೆಗ್ ದಂಪತಿಯ ಅಧ್ಯಯನದಲ್ಲಿ ಒಂದು ಹೆಣ್ಣು ತರಕರಡಿ ಸರಾಸರಿ 126 ಚದರ ಕಿಲೋಮೀಟರ್ ಜಾಗದಲ್ಲಿ ಓಡಾಡುತ್ತಿತ್ತು. ಗಂಡು 541. ಕಲಹರಿ ಮರುಭೂಮಿ, ಅಲ್ಲಿ ಊಟ ಕಡಿಮೆ, ಅದಕ್ಕೇ ಅಷ್ಟು ದೂರ. ನಮ್ಮ ಕಡೆ ಅಷ್ಟು ಬೇಕಾಗದೇ ಇರಬಹುದು. ಆದರೂ ಒಂದು ವನ್ಯಧಾಮದ ಬೇಲಿಯೊಳಗೆ ಮುಗಿಯುವ ಬದುಕು ಇದಲ್ಲ. ಗುಡ್ಡದಿಂದ ಇಳಿದು ಮೆಕ್ಕೆಜೋಳದ ಹೊಲ ದಾಟಿ, ಹಳ್ಳದ ಜೊತೆ ನಡೆದು, ಇನ್ನೊಂದು ಗುಡ್ಡ ಹತ್ತಲೇಬೇಕು. ನಿಮ್ಮ ಬದು, ನಮ್ಮ ಗೋಮಾಳ, ಚಳ್ಳಕೆರೆಯ ಕಾವಲು, ಇವೇ ಅದರ ಕಾಡು.

ನನಗೆ ಸಂಕಟ ಆಗುವುದು ಇಲ್ಲೇ. ಮಲೆನಾಡಿನ ಕಾಡು ಅಂದರೆ ಎಲ್ಲರೂ ಕೈಮುಗಿಯುತ್ತಾರೆ. ನಮ್ಮ ಕುರುಚಲು ಗುಡ್ಡ ಅಂದರೆ ಬರಡು, ಏನು ಬೇಕಾದರೂ ಮಾಡಬಹುದು ಅನ್ನುವ ಭಾವನೆ. ಗುಡ್ಡದ ನೆತ್ತಿಗೆ ಗಾಳಿಯಂತ್ರಕ್ಕೆ ರಸ್ತೆ ಕೊರೆದರು, ಬುಡಕ್ಕೆ ಕ್ರಷರ್ ಬಂತು. ಬೇಸಿಗೆ ಬಂದರೆ ಬೆಂಕಿ. ಹೊಸ ಹುಲ್ಲು ಬರಲಿ ಅಂತ ಹಚ್ಚುವ ಬೆಂಕಿಯಲ್ಲಿ ಇಲಿ, ಹಲ್ಲಿ, ಮೊಟ್ಟೆ, ಹುಳ ಎಲ್ಲ ಸುಟ್ಟುಹೋಗುತ್ತವೆ, ಅಂದರೆ ಇದರ ಊಟವೇ ಸುಟ್ಟುಹೋಗುತ್ತದೆ. ಹೆದ್ದಾರಿ 48ರಲ್ಲಿ ರಾತ್ರಿ ಗಾಡಿ ಓಡಿಸುವವರನ್ನು ಕೇಳಿ, ಎಷ್ಟು ಥರದ ಪ್ರಾಣಿ ಟಾರಿಗೆ ಅಂಟಿಕೊಂಡಿರುತ್ತವೆ ಅಂತ.

ಹಂದಿಗೆ ಇಡುವ ಉರುಳು ಇನ್ನೊಂದು. ತಂತಿ ಉರುಳಿಗೆ ಯಾವ ಪ್ರಾಣಿ ಅಂತ ಗೊತ್ತಾಗುವುದಿಲ್ಲ. ಹಂದಿಗೆ ಅಂತ ಇಟ್ಟದ್ದಕ್ಕೆ ಚಿರತೆ, ಕರಡಿ, ಇದೂ ಬೀಳುತ್ತದೆ.

ಅಡಿಕೆ_ಚನ್ನಗಿರಿ

ಕೃಷಿ ಹೊಂಡವನ್ನೂ ಸೇರಿಸಿ ತಮ್ಮಾ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡಕ್ಕೆ ನೀರು ಕುಡಿಯಲು ಇಳಿದ ಪ್ರಾಣಿ ಜಾರಿ ಹತ್ತಲಾರದೆ ಸಾಯುತ್ತದೆ. ನಾವು ಹಳೇ ಹಗ್ಗದ ಬಲೆ ಒಂದನ್ನು ದಡದಿಂದ ನೀರಿನವರೆಗೆ ಇಳಿಬಿಟ್ಟು ಮೇಲೆ ಗೂಟಕ್ಕೆ ಕಟ್ಟಿದ್ದೇವೆ. ಮನುಷ್ಯರ ಮಕ್ಕಳು ಬಿದ್ದರೂ ಹಿಡಿದು ಹತ್ತಲು ಆಗುತ್ತದೆ.

ಹೊಸದುರ್ಗದ_ಹುಡುಗ

ಇದು ಒಳ್ಳೆ ಉಪಾಯ. ನಮ್ಮ ಹೊಂಡಕ್ಕೂ ಈ ವಾರವೇ ಕಟ್ಟುತ್ತೇನೆ.

ಜೇನುತೋಟ_ಜಗಳೂರು

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇದನ್ನೆಲ್ಲ ಅಪ್ಪನಿಗೆ, ಪಕ್ಕದ ಹೊಲದವರಿಗೆ ಓದಿ ಹೇಳಿದೆ. ಸಿಂಹದ ಎದುರು ನಿಲ್ಲುತ್ತದೆ ಅನ್ನುವುದು ಕೇಳಿ ಹೊಗೆ ಹಾಕುವ ಮಾತು ನಿಂತಿದೆ. ಆದರೆ ಪೆಟ್ಟಿಗೆ ಹೋದರೆ ನಮಗೆ ನಷ್ಟವೇ. ಒಂದು ಕುಟುಂಬ ಜೇನು ಮತ್ತೆ ಕಟ್ಟಲು ತಿಂಗಳುಗಟ್ಟಲೆ ಬೇಕು. ಪೆಟ್ಟಿಗೆ ಉಳಿಸುವ ದಾರಿ ಯಾರಾದರೂ ಹೇಳಿ.

ಬಯಾಲಜಿ_ಮೇಡಂ_ದಾವಣಗೆರೆ

ದಕ್ಷಿಣ ಆಫ್ರಿಕಾದ ಜೇನು ಸಾಕಣೆಯವರಿಗೂ ಇದೇ ತೊಂದರೆ ಇತ್ತು. ಮೊದಲು ವಿಷ ಹಾಕಿ, ಬೋನಿಟ್ಟು ಕೊಲ್ಲುತ್ತಿದ್ದರು. ಆಮೇಲೆ ಪೆಟ್ಟಿಗೆಯನ್ನು ನೆಲದಿಂದ ಒಂದು ಮೀಟರಿಗಿಂತ ಎತ್ತರದ ಸ್ಟ್ಯಾಂಡಿನ ಮೇಲೆ ಕಟ್ಟಿ ಇಡಲು ಶುರು ಮಾಡಿದರು. ಹಾಗೆ ಇಟ್ಟವರ ಜೇನುತುಪ್ಪಕ್ಕೆ ತರಕರಡಿಸ್ನೇಹಿ ಅನ್ನುವ ಗುರುತಿನ ಚೀಟಿ ಕೂಡ ಅಂಗಡಿಯಲ್ಲಿ ಬಂತು. ಇದನ್ನು ನಾವೂ ಮಾಡಬಹುದು.

ಕಾವಲು_ಚಳ್ಳಕೆರೆ

ಎತ್ತರ ಇಟ್ಟರೆ ಹತ್ತುವುದಿಲ್ಲವಾ? ಇದು ಮರ ಹತ್ತುತ್ತದೆ ಅಂತ ಕೇಳಿದ್ದೇನೆ.

ಕೋಟೆನಾಡು_ನಡಿಗೆ

ಹತ್ತುತ್ತದೆ, ಮತ್ತು ತಲೆಯೂ ಚುರುಕು. ದಕ್ಷಿಣ ಆಫ್ರಿಕಾದ ಮೊಹೊಲೊಹೊಲೊ ಅನ್ನುವ ಪ್ರಾಣಿ ಪುನರ್ವಸತಿ ಕೇಂದ್ರದಲ್ಲಿ ಸ್ಟಾಫಲ್ ಅನ್ನುವ ತರಕರಡಿ ಇತ್ತು. ಕಲ್ಲು, ಮಣ್ಣಿನ ಉಂಡೆ, ಟೈರು, ಕಸ ಬಾಚುವ ಕುಂಟೆ, ಸಿಕ್ಕಿದ್ದನ್ನೆಲ್ಲ ಗೋಡೆಗೆ ಒರಗಿಸಿ ಹತ್ತಿ ತಪ್ಪಿಸಿಕೊಳ್ಳುತ್ತಿತ್ತು. ಗೇಟಿನ ಚಿಲಕ ಬಿಡಿಸುತ್ತಿತ್ತು. ಹಾಗಾಗಿ ಅಕ್ಕಾ, ಮರದ ಕಾಲು ಬೇಡ, ಉಗುರು ಊರಿ ಹತ್ತುತ್ತದೆ. ಒಂದೇ ನುಣುಪು ಕಬ್ಬಿಣದ ಪೈಪು ನೆಟ್ಟು ಬುಡಕ್ಕೆ ಕಾಂಕ್ರೀಟ್ ಹಾಕಿ. ತುಡುವೆ ಪೆಟ್ಟಿಗೆ ಹಗುರ, ಒಂದು ಪೈಪು ತಡೆಯುತ್ತದೆ. ಮುಚ್ಚಳ ಸೇರಿಸಿ ಇಡೀ ಪೆಟ್ಟಿಗೆಯನ್ನು ಸ್ಟ್ಯಾಂಡಿಗೆ ಬೆಲ್ಟಿನಿಂದ ಬಿಗಿಯಿರಿ, ತಳ್ಳಿದರೂ ಬೀಳಬಾರದು. ಹತ್ತಿರ ಕಲ್ಲು, ಕ್ರೇಟು, ಕಟ್ಟಿಗೆ ಏನೂ ಬಿಡಬೇಡಿ. ಪೆಟ್ಟಿಗೆ ಸ್ವಚ್ಛ ಮಾಡಿದಾಗ ಹಳೇ ಎರಿ ಅಲ್ಲೇ ಎಸೆಯಬೇಡಿ, ಆ ವಾಸನೆಗೇ ಬರುತ್ತದೆ. ಪೈಪಿಗೆ ಅರ್ಧದಲ್ಲಿ ಗ್ರೀಸ್ ಹಚ್ಚಿದರೆ ಇರುವೆಯೂ ಹತ್ತುವುದಿಲ್ಲ.

ಅರಣ್ಯ ಇಲಾಖೆ ಸಹಾಯವಾಣಿ 1926ಕ್ಕೆ ಒಂದು ಮಾತು ತಿಳಿಸಿ. ಹೆಜ್ಜೆ ಗುರುತಿನ ಪಕ್ಕ ಒಂದು ಸ್ಕೇಲ್ ಇಟ್ಟು ಫೋಟೋ ತೆಗೆದು ರೇಂಜ್ ಆಫೀಸಿಗೆ ಕೊಡಿ. ಅವರ ದಾಖಲೆಗೆ ಅದು ಬೇಕು.

ಹೊಸದುರ್ಗದ_ಹುಡುಗ

ಅಕ್ಕಾ, ಲೊಕೇಶನ್ ಹಾಕಿ, ನಾವೂ ಕ್ಯಾಮೆರಾ ತರುತ್ತೇವೆ!

ಕೋಟೆನಾಡು_ನಡಿಗೆ

ಬೇಡ ತಮ್ಮಾ. ಇಲ್ಲಿ ಯಾರ್ಯಾರು ಓದುತ್ತಾರೋ ಗೊತ್ತಿಲ್ಲ, ಉರುಳು ಇಡುವವರೂ ಓದುತ್ತಾರೆ. ಊರಿನ ಹೆಸರು ಕೂಡ ಬೇಡ. ಅಕ್ಕಾ, ಇಲಾಖೆಯವರಿಗೆ ಮಾತ್ರ ಜಾಗ ತೋರಿಸಿ.

ಜೇನುತೋಟ_ಜಗಳೂರು

ಸರಿ, ಜಾಗ ಹೇಳುವುದಿಲ್ಲ. ವೆಲ್ಡಿಂಗ್ ಅಂಗಡಿಯಲ್ಲಿ ಪೈಪಿನ ಸ್ಟ್ಯಾಂಡಿಗೆ ಹೇಳಿ ಬಂದಿದ್ದೇನೆ, ನೆಲದ ಮೇಲೆ ನಾಲ್ಕು ಅಡಿ, ಒಳಗೆ ಒಂದೂವರೆ ಅಡಿ. ಬಿಲದ ಬಾಯಿಗೆ ಕಡ್ಡಿ ಇಟ್ಟಿದ್ದೇವೆ. ಕಡ್ಡಿ ಅಲುಗಾಡದಿದ್ದರೂ ಬಿಲ ಮುಚ್ಚುವುದಿಲ್ಲ ಅಂತ ಅಪ್ಪ ಹೇಳಿದ್ದಾರೆ, ಆ ಬದುವಿನಲ್ಲಿ ಹೇಗೂ ಬಿತ್ತನೆ ಇಲ್ಲ.